ಬಿಚ್ಚಿಟ್ಟ ಎಂಜಿನ್

ಎರ್ಮೆಕ್ ಹಾಸಿಗೆ ಬಿಟ್ಟು ಎದ್ದ ದಿನ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಎತ್ತಿದರೆ ಮತ್ತೆ ಮಲಗಿಬಿಟ್ಟಾನು ಎಂಬ ಹೆದರಿಕೆ. ಅಪ್ಪ ಸಗಿನಾಲಿಯನ್ನು ಮಣ್ಣು ಮಾಡಿ ಬಂದಾಗಿನಿಂದ ಅವನು ಗೋಡೆಗೆ ಮುಖ ಮಾಡಿ ಮಲಗಿದವನು. ನಲವತ್ತನೆಯ ದಿನದ ಊಟಕ್ಕೆ ಎದ್ದು ಬಂದು ನೆಂಟರ ಕೈಗೆ ನೀರು ಹಾಕಿದ್ದೇ ಹೆಚ್ಚು. ಕರೆದರೆ ಓಗೊಡುತ್ತಿದ್ದ, ತಂದಿಟ್ಟರೆ ಅರ್ಧ ತಿನ್ನುತ್ತಿದ್ದ, ಬೈದರೆ ಬೈಸಿಕೊಳ್ಳುತ್ತಿದ್ದ. ಅವನ ಅಕ್ಕ ಕನಿಶಾಯ್ ಹೊತ್ತುಹೊತ್ತಿಗೆ ಆ ಕೋಣೆಯ ಬಾಗಿಲಿಗೆ ಬಂದು, ಅವನ ಬೆನ್ನು ಏರಿಳಿಯುವುದನ್ನು ನೋಡಿಕೊಂಡು ಹಿಂದಿರುಗುವಳು. ಹಿಂದಿನ ವರ್ಷ ಪಕ್ಕದ ಬೀದಿಯ ಹುಡುಗನೊಬ್ಬ ಹೀಗೇ ಮಲಗಿದ್ದು, ಒಂದು ದಿನ ಎದ್ದು ನೇರ ಕೊಟ್ಟಿಗೆಗೆ ಹೋಗಿದ್ದ. ಅವನನ್ನು ಕೆಳಗಿಳಿಸಿದವರು ಇಂದಿಗೂ ಆ ಬೀದಿಯಲ್ಲಿ ತಲೆ ತಗ್ಗಿಸಿಯೇ ನಡೆಯುತ್ತಾರೆ.

ಹಾಗಾಗಿ ಎರ್ಮೆಕ್ ಆ ಬೆಳಿಗ್ಗೆ ಬೂಟು ಮೆಟ್ಟಿಕೊಂಡು ಹಿತ್ತಲಿಗೆ ಹೊರಟಾಗ ಕನಿಶಾಯ್ ಹಿಟ್ಟಿನ ಕೈಯಲ್ಲೇ ಕಿಟಕಿಗೆ ಓಡಿದಳು. ಅವನು ಕೊಟ್ಟಿಗೆಯನ್ನು ದಾಟಿ ಮುಂದೆ ಹೋದ. ಟ್ರ್ಯಾಕ್ಟರಿನ ಮೂತಿಯ ಮೇಲೆ ಬಿದ್ದಿದ್ದ ಹಿಮವನ್ನು ತೋಳಿನಿಂದ ಒರೆಸುತ್ತ ನಿಂತ.

"ಅಪಾ, ಅವನು ಟ್ರ್ಯಾಕ್ಟರ್ ಹತ್ರ ಇದಾನೆ!" ಎಂದು ತಾಯಿಯನ್ನು ಕೂಗಿದಳು.

"ಸುಮ್ನಿರೇ," ಎಂದಳು ತಾಯಿ ಬುರುಲ್ಕಾನ್, ಒಲೆಯ ಕಡೆ ಇನ್ನಷ್ಟು ಬಗ್ಗಿ. "ಹಾಗೆ ನೋಡ್ಬೇಡ. ದೃಷ್ಟಿಯಾಗ್ತದೆ."

ಆ ಟ್ರ್ಯಾಕ್ಟರ್ ಅಕ್ಕತಮ್ಮ ಇಬ್ಬರಿಗಿಂತಲೂ ಹಿರಿಯದು. ಊರೆಲ್ಲ ಸೇರಿ ದುಡಿಯುತ್ತಿದ್ದ ಸಾಮೂಹಿಕ ಬೇಸಾಯದ ಕೊಲ್ಖೋಜ್ ಒಡೆದು ಊರವರು ಇದ್ದಬದ್ದದ್ದನ್ನೆಲ್ಲ ಪಾಲು ಹಾಕಿಕೊಂಡಾಗ ಉಳಿದವರು ಕುರಿ ಹೊಡೆದುಕೊಂಡು ಮನೆಗೆ ಹೋದರೆ, ಸಗಿನಾಲಿ ತಾನು ಓಡಿಸುತ್ತಿದ್ದ ನೀಲಿ ಟ್ರ್ಯಾಕ್ಟರನ್ನೇ ಕೇಳಿ ಪಡೆದ. ಬುರುಲ್ಕಾನ್ ಅದನ್ನು ಮರೆತವಳಲ್ಲ. ಮನೆಯಲ್ಲಿ ಹಾಲು ಒಡೆದರೂ ಸರಿ, ಹೊಗೆ ಕಟ್ಟಿದರೂ ಸರಿ, "ಅವತ್ತೇ ಕುರಿ ತಗೊಂಡಿದ್ರೆ" ಎಂದು ಶುರುವಾಗುತ್ತಿತ್ತು. ಆದರೂ ಊರಿನ ಅರ್ಧ ಹೊಲ ಉತ್ತದ್ದು, ಬೇಸಿಗೆಯ ಹುಲ್ಲನ್ನೆಲ್ಲ ಮನೆಮನೆಗೆ ಸಾಗಿಸಿದ್ದು ಅದೇ. ಕೊನೆಕೊನೆಗೆ ಕರಿಹೊಗೆ ಉಗುಳುತ್ತ, ಏರು ಕಂಡರೆ ಮುಲುಗುತ್ತಿತ್ತು. ಈ ಚಳಿಗಾಲ ಎಂಜಿನ್ ಬಿಚ್ಚಿ ಒಂದು ಗತಿ ಕಾಣಿಸುತ್ತೇನೆ ಎಂದು ಸಗಿನಾಲಿ ಪ್ರತಿ ಚಳಿಗಾಲವೂ ಹೇಳುತ್ತಿದ್ದ. ಕೊನೆಯ ಚಳಿಗಾಲ ಕಾಲಿಡುತ್ತಿದ್ದಂತೆ ತಾನೇ ಹೊರಟುಹೋದ.

ಜಪಾರ್ ಬೈಕೆಯನ್ನು ಕರೆಸಿದ್ದೂ ಎರ್ಮೆಕ್‌ನೇ. ಕಿರಿಯರೆಲ್ಲ ಗೌರವದಿಂದ ಬೈಕೆ, ಅಂದರೆ ಅಣ್ಣ, ಎನ್ನುತ್ತಿದ್ದ ಜಪಾರ್ ಅಪ್ಪನ ಜೊತೆಗಾರ, ಕೊಲ್ಖೋಜಿನ ಕಾಲದಲ್ಲಿ ಗರಾಜಿನಲ್ಲಿದ್ದವನು. ಈಗ ಬೆಳಿಗ್ಗೆ ಎದ್ದು ಅಂಗಡಿಯ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಛೇಡಿಸುವುದೇ ಅವನ ಉದ್ಯೋಗ. ಕರೆ ಬಂದದ್ದೇ ತಡ, ಪೆಟ್ಟಿಗೆಯ ತಳದಲ್ಲಿದ್ದ ಜಿಡ್ಡಿನ ಕೋಟು ಹಾಕಿಕೊಂಡು ಬಂದುಬಿಟ್ಟ.

"ಬುರುಲ್ಕಾನ್, ನಿನ್ನ ಸವತಿಯ ಹೊಟ್ಟೆ ಕೊಯ್ಯಕ್ಕೆ ಬಂದಿದೀನಿ. ಚಹಾ ಇಡು."

"ಕೊಯ್ದು ಗುಂಡಿಗೆ ಹಾಕು. ಮೂವತ್ತು ವರ್ಷ ಅವಳ ಜಿಡ್ಡು ಹತ್ತಿದ ಬಟ್ಟೆ ಒಗೆದಿದೀನಿ ನಾನು."

ಮನೆಯಲ್ಲಿ ಇಂಥ ಮಾತು ಕೇಳಿ ಎಷ್ಟೋ ದಿನವಾಗಿತ್ತು. ಎಂಜಿನ್ನಿನ ತುಂಡುಗಳು ಒಂದೊಂದಾಗಿ ಹೊರಕೋಣೆಗೆ ಬಂದವು. ಪಿಸ್ಟನ್ನುಗಳು ಬಟ್ಟೆ ಒಗೆಯುವ ಬೋಗುಣಿಯಲ್ಲಿ, ವಾಲ್ವುಗಳು ಹಳೆಯ ಗೋಣಿಯ ಮೇಲೆ, ನಟ್ಟು ಬೋಲ್ಟುಗಳು ಅಮ್ಮನ ಜಾಮಿನ ಸೀಸೆಗಳಲ್ಲಿ. ರೊಟ್ಟಿಗೂ ಸೀಮೆಎಣ್ಣೆ ವಾಸನೆ ಹತ್ತಿತು. ಎರ್ಮೆಕ್ ಒಂದೊಂದೇ ತುಂಡನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಸಾಲಾಗಿ ಜೋಡಿಸುವನು. ತೊಳೆದದ್ದನ್ನೇ ಮರುದಿನ ಮತ್ತೆ ತೊಳೆದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ಮಧ್ಯಾಹ್ನ ಜಪಾರ್ ಹೇಳಿದ ಪೋಲಿ ಮಾತಿಗೆ ಅವನು ಫಕ್ಕನೆ ನಕ್ಕದ್ದು ಅಡುಗೆಮನೆಗೆ ಕೇಳಿಸಿತು. ತಾಯಿ, ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬುರುಲ್ಕಾನ್ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡು, "ಈರುಳ್ಳಿ ಖಾರ ಈ ಸಲ," ಎಂದಳು. ಅವಳ ಕೈಯಲ್ಲಿದ್ದದ್ದು ಆಲೂಗಡ್ಡೆ.

ಸಿಲಿಂಡರುಗಳಿರುವ ದೊಡ್ಡ ಕಬ್ಬಿಣದ ಬ್ಲಾಕ್ ಒಂದನ್ನು ಮಾತ್ರ ಎರ್ಮೆಕ್ ಮುಟ್ಟಿರಲಿಲ್ಲ. ಅದು ಹಿತ್ತಲಲ್ಲಿ ಟ್ರ್ಯಾಕ್ಟರಿನ ಮೇಲೇ ಇತ್ತು. ಭಾರ, ಆಮೇಲೆ ನೋಡೋಣ ಅನ್ನುತ್ತಿದ್ದ.

ಅವನು ಸೀಮೆಎಣ್ಣೆ ತರಲು ಅಂಗಡಿಗೆ ಹೋಗಿದ್ದ ಹೊತ್ತಿನಲ್ಲಿ ಜಪಾರ್ ಹಿತ್ತಲಿಂದ ಕರೆದ. "ಮಗಳೇ, ಒಂಚೂರು ಬಾ ಇಲ್ಲಿ."

ಕನಿಶಾಯ್ ಹೋದಳು. ಜಪಾರ್ ಬ್ಲಾಕಿನ ಪಕ್ಕೆಯನ್ನು ಉಜ್ಜಿ ಶುಚಿಮಾಡಿದ್ದ. ಅಲ್ಲೊಂದು ಕೂದಲು ಅಂಟಿಕೊಂಡಂತೆ ಕಂಡಿತು.

"ಒರೆಸು ಅದನ್ನ," ಎಂದ.

ಅವಳು ಬೆರಳಿನಿಂದ ಒರೆಸಿದಳು. ಹೋಗಲಿಲ್ಲ. ಉಗುರು ಸಿಕ್ಕಿಕೊಂಡಿತು.

"ಬಿರುಕು. ನೀರು ಒಳಗೇ ಹೆಪ್ಪುಗಟ್ಟಿ ಒಡೆದಿದೆ. ಚಳಿಗಾಲದಲ್ಲಿ ಸಂಜೆ ಎಂಜಿನ್ ತಣಿಸೋ ನೀರನ್ನ ಹೊರಗೆ ಬಿಡದೆ ಟ್ರ್ಯಾಕ್ಟರ್ ನಿಲ್ಲಿಸಿದ್ರೆ ಆಗೋದು ಇದೇ. ಈ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರೋ ವಿಷಯ. ನಿಮ್ಮಪ್ಪ ಜ್ವರದಲ್ಲೂ ಎದ್ದು ಬಂದು ನೀರು ಬಿಡ್ತಿದ್ದ. ಅವನ ಕಾಲದ್ದಲ್ಲ ಇದು. ಮೇಲೆ ಗ್ರೀಸ್ ಬೇರೆ ಮೆತ್ತಿತ್ತು, ಅದಕ್ಕೇ ಕಾಣಿಸಿರ್ಲಿಲ್ಲ."

ಹಾಗಾದರೆ ಯಾವತ್ತಿನದು? ಕೇಳುವ ಅಗತ್ಯವಿರಲಿಲ್ಲ. ಅಪ್ಪ ತೀರಿದ ದಿನ ಎರ್ಮೆಕ್ ಇದೇ ಟ್ರ್ಯಾಕ್ಟರಿನಲ್ಲಿ ಸೋದರಮಾವನ ಮನೆಯಿಂದ ಉಣ್ಣೆಯ ಗುಡಾರ ಹೇರಿಕೊಂಡು ಬಂದಿದ್ದ. ಶವವನ್ನು ಇಡುವುದು ಆ ಗುಡಾರದಲ್ಲೇ. ಎಂಜಿನ್ ಇನ್ನೂ ಬಿಸಿಯಾಗಿದ್ದಾಗಲೇ ಹಿರಿಯರು ಅವನನ್ನು ಕೆಳಗಿಳಿಸಿಕೊಂಡು, ಸೊಂಟಕ್ಕೆ ಪಟ್ಟಿ ಬಿಗಿದು, ಕೈಗೊಂದು ಕೋಲು ಕೊಟ್ಟು ಗುಡಾರದ ಬಾಗಿಲಲ್ಲಿ ನಿಲ್ಲಿಸಿದರು. ಒಬ್ಬನೇ ಮಗ. ತಂಡತಂಡವಾಗಿ ಜನ ಗೋಳಾಡುತ್ತ ಬರುವಾಗ ಅವನು ಕೋಲಿನ ಮೇಲೆ ಬಾಗಿ "ನನ್ನ ಅಪ್ಪಾ, ನನ್ನ ಬೆಟ್ಟವೇ" ಎಂದು ದನಿಯೆತ್ತಿ ಅತ್ತು ಅವರಿಗೆ ಉತ್ತರ ಕೊಡಬೇಕು. ಮಣ್ಣಾಗುವ ತನಕ ಬಾಗಿಲು ಬಿಟ್ಟು ಕದಲುವಂತಿಲ್ಲ. ಕದಲಿದವನ ಮಾತು ಅವನ ಮೊಮ್ಮಕ್ಕಳ ಕಾಲದವರೆಗೂ ಊರಿನಲ್ಲಿ ಉಳಿಯುತ್ತದೆ. ಒಳಗೆ ಕನಿಶಾಯ್ ಉಳಿದ ಹೆಂಗಸರೊಂದಿಗೆ ಗುಡಾರದ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಾಡಿ ಅಳಬೇಕಿತ್ತು. ಅವಳಿಗೆ ಪದಗಳೇ ಬರಲಿಲ್ಲ. ಚಿಕ್ಕಮ್ಮ ಕಿವಿಯಲ್ಲಿ ಒಂದೊಂದೇ ಸಾಲು ಉಸುರಿ ಹಾಡಿಸಿದಳು. ಹೊರಗೆ ಚಳಿ ಬಿಗಿಯುತ್ತಿದ್ದುದು ಅವಳಿಗೆ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು. ಟ್ರ್ಯಾಕ್ಟರಿನ ನೆನಪು ಬರಲಿಲ್ಲ.

"ನಾನೂ ಅಲ್ಲೇ ಇದ್ದೆ," ಎಂದ ಜಪಾರ್, ಕೈ ಒರೆಸುತ್ತ. "ಇದರ ಪಕ್ಕದಲ್ಲೇ ನಿಂತು ಮಾಂಸದ ಪಾಲು ಹಾಕ್ತಿದ್ದೆ. ಈ ಬುರುಡೆಗೆ ಹೊಳೀಲೇ ಇಲ್ಲ ನೋಡು."

"ಅವನಿಗೆ ಹೇಳ್ಬೇಡಿ, ಬೈಕೆ."

"ಹೇಳದೆ? ಬ್ಲಾಕ್ ಮುಗಿಲಿಂದ ಉದುರುತ್ತಾ?"

"ಸವೆದು ಹೋಗಿದೆ ಅನ್ನಿ. ಬೇರೆ ಬೇಕು ಅನ್ನಿ. ಬೆಸುಗೆ ಹಾಕಕ್ಕಾಗಲ್ವಾ?"

"ಹಾಕ್ಬಹುದು. ಬಿಸಿಯಾದ ಕೂಡ್ಲೇ ಮತ್ತೆ ಬಾಯಿ ಬಿಡ್ತದೆ. ಬೇರೆ ಬ್ಲಾಕೇ ಬೇಕು, ಆತ್-ಬಾಶಿ ಸಂತೆ ಹತ್ರ ಹಳೇ ಸಾಮಾನಿನವನ ಬಳಿ ಇದ್ರೂ ಇರಬಹುದು. ಅದಕ್ಕೆ, ಬೇರಿಂಗಿಗೆ, ಎಲ್ಲಾ ಸೇರಿ..." ಅವನು ಕೊಟ್ಟಿಗೆಯ ಕಡೆ ನೋಡಿದ. "ಒಂದು ಕುದುರೆ ಹೋಗ್ತದೆ."

ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಕುದುರೆ.

"ಕೇಳು ಮಗಳೇ. ಇದನ್ನ ಪೂರ್ತಿ ರಿಪೇರಿ ಮಾಡಿ ಬಣ್ಣ ಬಳಿದು ಮಾರಿದ್ರೂ ಕುದುರೆಯ ಅರ್ಧ ಬೆಲೆ ಬರಲ್ಲ. ಟ್ರ್ಯಾಕ್ಟರ್ ಅಂತ ನೋಡಿದ್ರೆ ಇದು ಶುದ್ಧ ಹುಚ್ಚು. ಬಿಟ್ಬಿಡು ಅಂತೀನಿ." ಕೈ ಒರೆಸಿದ ಬಟ್ಟೆಯನ್ನು ಜೇಬಿಗೆ ತುರುಕಿ, "ಆದ್ರೆ ನೀನು ಕೇಳ್ತಿರೋದು ಟ್ರ್ಯಾಕ್ಟರ್ ವಿಷಯ ಅಲ್ಲ, ಅಲ್ವಾ?" ಎಂದ.

ಕನಿಶಾಯ್ ಬೀದಿಯ ಕಡೆ ತಿರುಗಿದಳು. ಅಂಗಡಿಯ ಕಡೆಯಿಂದ ಎರ್ಮೆಕ್ ಡಬ್ಬಿ ಹಿಡಿದು ಬರುತ್ತಿದ್ದ. ನೆಟ್ಟಗೆ ನಡೆದು ಬರುತ್ತಿದ್ದ. ಅವಳು ನೋಡಿದ್ದು ಅದನ್ನೇ.

ಬೂದು ಬಣ್ಣದ ಆ ಹೆಣ್ಣುಕುದುರೆ ಅಪ್ಪನ ವರ್ಷದ ಊಟಕ್ಕೆಂದು ಇಟ್ಟದ್ದು. ಆ ಊಟಕ್ಕೆ ಕೊಯ್ದ ಕುದುರೆಯನ್ನೇರಿ ಸತ್ತವರು ಪರಲೋಕದ ದಾರಿ ಸಾಗುತ್ತಾರೆಂಬ ನಂಬಿಕೆ. ಕಾಯಿಲೆ ಬಿದ್ದಾಗ ಸಗಿನಾಲಿಯೇ ಬೆರಳು ತೋರಿಸಿ, ನನಗೆ ಇದನ್ನೇ ಕೊಯ್ಯಿ ಎಂದಿದ್ದ. ತಾಯಿಯ ಹತ್ತಿರ ಮಾತೆತ್ತಲು ಕನಿಶಾಯ್‌ಗೆ ದಿನಗಟ್ಟಲೆ ಹಿಡಿಯಿತು. ಅವಳು ಮೊದಲೇ ನಾಲಿಗೆಯಿಲ್ಲದವಳು. ಮನಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡ ಮಾತು ಬಾಯಿಗೆ ಬರುವಾಗ ಬರಿಯ ಬಾಲವಷ್ಟೇ ಉಳಿಯುತ್ತಿತ್ತು.

"ಅಪಾ, ಬೂದುಕುದುರೆ..."

"ಮೇವು ಹಾಕಿದೀನಿ."

"ಮಾರೋಣ್ವಾ?"

ಬುರುಲ್ಕಾನ್ ಲಟ್ಟಣಿಗೆ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳು. ನಿಮ್ಮಪ್ಪನ ಗೋರಿ ಕಡೆ ಮುಖ ಮಾಡಿ ಹೇಳು."

"ಎಂಜಿನ್‌ಗೆ ಬ್ಲಾಕ್ ಬೇಕಂತೆ. ಊಟಕ್ಕೆ ಬೇರೆ ಕುದುರೆ, ಚಿಕ್ಕದು..."

"ಅವರು ಅಲ್ಲಿ ನಡ್ಕೊಂಡು ಹೋಗ್ಬೇಕಾ? ಜೀವಮಾನ ಇಡೀ ಕಬ್ಬಿಣದ ಮೇಲೆ ಕೂತು ಬೆನ್ನು ಮುರ್ಕೊಂಡ್ರು. ಹೋಗೋವಾಗ್ಲಾದ್ರೂ ಜೀವ ಇರೋದ್ರ ಮೇಲೆ ಹೋಗ್ಲಿ ಅಂತ ನಾನಿದ್ರೆ, ನೀನು ಅದನ್ನೂ ಆ ಕಬ್ಬಿಣಕ್ಕೇ ತಿನ್ಸು ಅಂತೀಯಲ್ಲೇ!"

"ಅವನು ಮತ್ತೆ ಮಲಗಿದ್ರೆ, ಅಪಾ?"

ತಾಯಿಯ ಮುಖದಲ್ಲಿದ್ದ ಸಿಟ್ಟು ತಟ್ಟನೆ ಬಿದ್ದುಹೋಯಿತು. ಅದರಡಿಯಲ್ಲಿ ಕಂಡ ಮುಖ ಬಹಳ ಮುದಿಯಾಗಿತ್ತು. "ಹಾಗೆಲ್ಲ ಬಾಯಿಗೆ ತರ್ಬೇಡ," ಎಂದಷ್ಟೇ ಹೇಳಿ ಲಟ್ಟಿಸತೊಡಗಿದಳು.

ಸಂತೆಯ ದಿನ ಬೆಳಿಗ್ಗೆ ಬುರುಲ್ಕಾನ್ ತಾನೇ ಕುದುರೆಯ ಅಯಾಲು ಬಾಚಿ, ಬೆನ್ನಿನ ಹಿಮ ಕೊಡವಿ, ಒಳಗೆ ಬಂದು ಬಾಗಿಲು ಹಾಕಿಕೊಂಡಳು. "ಹೊಡ್ಕೊಂಡು ಹೋಗಿ. ನನ್ನ ಕಣ್ಣೆದುರು ಬೇಡ," ಎಂದದ್ದು ಬಾಗಿಲ ಹಿಂದಿನಿಂದ.

ಆತ್-ಬಾಶಿಯ ಸಂತೆಯಲ್ಲಿ ಕುದುರೆ ಬೇಗ ಹೋಯಿತು. ಕೊಂಡವನು ನರಿಚರ್ಮದ ಟೋಪಿಯ ದಪ್ಪ ಮನುಷ್ಯ. ಹಲ್ಲು ನೋಡಲಿಲ್ಲ, ಕಾಲು ನೋಡಲಿಲ್ಲ. ಪಕ್ಕೆಯೊಳಗೆ ಬೆರಳು ಒತ್ತಿ ಕೊಬ್ಬು ಎಷ್ಟಿದೆ ಎಂದು ನೋಡಿದ.

"ಮಗಳ ಮದುವೆ. ಬೀಗರು ಭಾರೀ ತಿನ್ನೋರು," ಎಂದು ನಕ್ಕ.

ದಲಾಳಿ ಇಬ್ಬರ ಕೈ ಸೇರಿಸಿ ಭುಜ ಕಳಚುವಂತೆ ಕುಲುಕಿಸಿ ವ್ಯಾಪಾರ ಮುಗಿಸಿದ. ಕೈ ಕೊಟ್ಟ ಮೇಲೆ ಮುಗಿಯಿತು, ದೇವರೇ ಬಂದರೂ ಹಿಂದಕ್ಕಿಲ್ಲ. ಕುದುರೆ ಮಾರಿದರೂ ಕೊರಳ ಹಗ್ಗ ಮಾರುವುದಿಲ್ಲ, ಮನೆಯ ಭಾಗ್ಯ ಅದರೊಂದಿಗೆ ಹೋಗುತ್ತದೆ ಎಂದು ನಂಬಿಕೆ. ಎರ್ಮೆಕ್ ಹಗ್ಗ ಬಿಚ್ಚಿಕೊಂಡ. ಕುದುರೆ ಹೊಸ ಹಗ್ಗದ ಹಿಂದೆ ತಲೆ ತಗ್ಗಿಸಿ ಹೋಯಿತು. ಒಮ್ಮೆ ತಿರುಗಿ ನೋಡಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಅದು ನೋಡಲಿಲ್ಲ.

ಹಳೆಯ ಸಾಮಾನಿನವನ ಅಂಗಳ ಸಂತೆಯ ಹಿಂದೆಯೇ ಇತ್ತು. ಅಲ್ಲಿ ಟ್ರ್ಯಾಕ್ಟರುಗಳ ತೊಡೆ, ಪಕ್ಕೆಲುಬು, ತಲೆಗಳು ಹಿಮದಲ್ಲಿ ರಾಶಿ ಬಿದ್ದಿದ್ದವು. ವ್ಯಾಪಾರಿ ಒಂದು ಟಾರ್ಪಾಲನ್ನು ಠೀವಿಯಿಂದ ಎಳೆದ.

"ಬ್ಲಾಕ್ ಅನ್ಬೇಡ ತಂಗಿ, ಮದುಮಗಳು ಅನ್ನು. ಮುಸುಕು ತೆಗ್ದಿದೀನಿ, ಮುಖ ನೋಡಿದ ಮೇಲೆ ಕಾಣಿಕೆ ಕೊಡದೆ ಹೋಗೋ ಹಾಗಿಲ್ಲ."

ಎರ್ಮೆಕ್ ಮಂಡಿಯೂರಿ ಕೂತ. ಕೈಗವಸು ತೆಗೆದ. ಅವನ ಬೆರಳು ಸಿಲಿಂಡರಿನ ಬಾಯಿಗೆ ಹೋಗಲಿಲ್ಲ, ಬೇರಿಂಗ್ ಕೂರುವ ಜಾಗಕ್ಕೂ ಹೋಗಲಿಲ್ಲ. ನೇರವಾಗಿ ಪಕ್ಕೆಗೆ, ಮನೆಯ ಬ್ಲಾಕಿನಲ್ಲಿ ಬಿರುಕಿದ್ದ ಅದೇ ಜಾಗಕ್ಕೆ ಹೋಯಿತು. ಅಲ್ಲಿ ಮೆಲ್ಲನೆ ಹಿಂದೆ ಮುಂದೆ ಓಡಾಡಿತು.

"ಎಜೆ," ಎಂದು ಅಕ್ಕನನ್ನು ಕರೆದ, ತಲೆ ಎತ್ತದೆ. "ತಗೋಬೇಡ."

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ತಗೋಬೇಡ."

ವ್ಯಾಪಾರಿ ಬೇರೆ ಗಿರಾಕಿಯ ಕಡೆ ತಿರುಗಿದ. ಎರ್ಮೆಕ್ ಬರಿಗೈಯನ್ನು ಕಬ್ಬಿಣದ ಮೇಲೇ ಇಟ್ಟುಕೊಂಡು ಮಾತಾಡಿದ.

"ಮಣ್ಣು ಮಾಡಿ ಬಂದ ಮೇಲೆ ಹೋಗಿ ನೀರು ಬಿಡೋ ಎಂಜಿನ್ ನಲ್ಲಿ ತಿರುಗಿಸ್ದೆ. ಒಂದು ಹನಿ ಬರ್ಲಿಲ್ಲ. ಕೈ ಆಡಿಸ್ದೆ, ಪಕ್ಕೆ ಬಿರಿದಿತ್ತು. ನಾನೇ ಗ್ರೀಸ್ ಮೆತ್ತಿಬಿಟ್ಟೆ."

"ಅವತ್ತಿಂದ್ಲೂ ಗೊತ್ತಿತ್ತಾ ನಿಂಗೆ?" ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಮತ್ತೆ ಇಷ್ಟೆಲ್ಲ ಯಾಕೋ ಬಿಚ್ಚಿದ್ದು? ಅಷ್ಟು ದಿನ ತೊಳೆದಿದ್ದು?"

"ಬಿಚ್ಚಿಟ್ಟಿರೋವರೆಗೂ ಅದು ಓಡಲ್ಲ ಅಂತ ಯಾರೂ ಹೇಳಕ್ಕಾಗಲ್ಲ, ಎಜೆ. ಜಪಾರ್ ಬೈಕೆ ಬರ್ತಿದ್ರು. ಅಪಾ ಬೈತಿದ್ಲು. ಚೆನ್ನಾಗಿತ್ತು."

"ಕುದುರೆ..."

"ಅಪಾ ಒಪ್ಪಲ್ಲ ಅಂದ್ಕೊಂಡಿದ್ದೆ. ಒಪ್ಪಿದ್ಲು. ದಾರೀಲಿ ಹೇಳ್ಬೇಕು ಅಂತಿದ್ದೆ. ಬಾಯಿ ಬರ್ಲಿಲ್ಲ. ಆಮೇಲೆ ದಲಾಳಿ ಕೈ ಕುಲುಕಿಸಿಬಿಟ್ಟ."

ಕನಿಶಾಯ್ ಅವನ ಪಕ್ಕ ಹಿಮದಲ್ಲೇ ಕೂತಳು. ಇಷ್ಟು ದಿನ ಅವನಿಂದ ಬಚ್ಚಿಟ್ಟು ಕಾಪಾಡಿದ ವಿಷಯ ಅವನ ಬಳಿಯೇ ಇತ್ತು. "ಯಾರ ತಪ್ಪೂ ಅಲ್ಲ ಅದು. ಜಪಾರ್ ಬೈಕೆಗೂ ನೆನಪಾಗ್ಲಿಲ್ಲ, ನಂಗೂ ನೆನಪಾಗ್ಲಿಲ್ಲ. ಆ ದಿನ ಯಾರಿಗೆ ನೆನಪಿರುತ್ತೋ?"

"ನಂಗಿತ್ತು."

"ಏನು?"

"ನಂಗೆ ನೆನಪಿತ್ತು. ಕೋಲು ಹಿಡಿದು ಅಳ್ತಾ ನಿಂತಿದ್ದಾಗ್ಲೇ ನೆನಪಿತ್ತು. ನೀರು ಬಿಟ್ಟಿಲ್ಲ, ನೀರು ಬಿಟ್ಟಿಲ್ಲ ಅಂತ ಒಳಗೆ ಅದೇ ಓಡ್ತಿತ್ತು. ಗುಡಾರದ ಹಿಂದೇನೇ ಇತ್ತು ಟ್ರ್ಯಾಕ್ಟರ್. ಯಾರಿಗಾದ್ರೂ ಹೇಳಿದ್ರೆ ಸಾಕಿತ್ತು. ಅಪ್ಪ ಸತ್ತು ಮಲಗಿದ್ದಾನೆ, ಇವನಿಗೆ ಟ್ರ್ಯಾಕ್ಟರ್ ಚಿಂತೆ ಅಂತಾರೆ ಅಂತ..." ಅವನು ಕೈಗವಸು ಎತ್ತಿಕೊಂಡ. "ಹೊರಗೆ ಅಪ್ಪ ಅಪ್ಪ ಅಂತ ಕಿರುಚ್ತಿದ್ದೆ. ತಲೇಲಿ ಅಪ್ಪ ಇರ್ಲೇ ಇಲ್ಲ, ಎಜೆ. ಬರೀ ನೀರು."

ನೀನು ಅತ್ತದ್ದಕ್ಕಿಂತ ಆ ನೀರು ಬಿಟ್ಟಿದ್ದರೇ ಅಪ್ಪನಿಗೆ ಸಂತೋಷವಾಗುತ್ತಿತ್ತು ಎನ್ನಬಹುದಿತ್ತು. ಅದು ನಿಜ. ನಿಜವಾದ್ದರಿಂದಲೇ ಆಡಲು ಬರುವಂತಿರಲಿಲ್ಲ.

"ತಗೊಂಡು ಹೋಗೋಣ," ಎಂದಳು ಕೊನೆಗೆ. "ಜೋಡಿಸೋಣ. ಹೇಗೂ ಕುದುರೆ ಹೋಯ್ತು."

"ಜೋಡಿಸಿದ್ರೆ ಓಡ್ತದೆ. ಓಡಿದ್ರೆ ನಾನೇ ಹತ್ತಬೇಕು. ನನ್ನಿಂದಾಗಲ್ಲ."

"ಏನಪ್ಪಾ, ಮದುಮಗಳು ಒಪ್ಪಿಗೆನಾ?" ವ್ಯಾಪಾರಿ ಕೂಗಿದ.

ಕನಿಶಾಯ್ ಒಳಕೋಟಿನಲ್ಲಿದ್ದ ಹಣದ ಮೇಲೆ ಕೈಯಿಟ್ಟಳು. ಬ್ಲಾಕ್ ಕೊಂಡರೆ ಹಿತ್ತಲಲ್ಲಿ ಅದೊಂದು ಪೂರ್ತಿ ಟ್ರ್ಯಾಕ್ಟರ್ ಆಗಿ ನಿಲ್ಲುತ್ತದೆ, ಅವನು ಪ್ರತಿ ಬೆಳಿಗ್ಗೆ ಅದನ್ನು ನೋಡಬೇಕಾಗುತ್ತದೆ. ಕೊಳ್ಳದಿದ್ದರೆ ತೊಳೆಯಲು ಏನೂ ಉಳಿಯುವುದಿಲ್ಲ. ಎರಡೂ ಕಡೆ ಅದೇ ಹಾಸಿಗೆ, ಅದೇ ಗೋಡೆ. ಒಂದು ಜೀವಕ್ಕೆ ಒಂದು ಕುದುರೆ ಎಂದು ತೂಗಿದ್ದಳು. ತಕ್ಕಡಿಯ ಎರಡೂ ತಟ್ಟೆ ಈಗ ಬರಿದಾಗಿದ್ದವು.

"ಬೇಡ," ಎಂದಳು. ವ್ಯಾಪಾರಿ ಬೈದುಕೊಂಡು ಟಾರ್ಪಾಲು ಎಳೆದ.

ಮನೆ ಸೇರಿದಾಗ ಬುರುಲ್ಕಾನ್ ಹೊಸ್ತಿಲಲ್ಲೇ ಇದ್ದಳು. ಮಗನ ಕೈಯಲ್ಲಿದ್ದ ಬರಿಯ ಹಗ್ಗವನ್ನು ನೋಡಿದಳು, ಬಾಡಿಗೆ ಕಾರಿನ ಹಿಂದೆ ಇಣುಕಿದಳು.

"ಬ್ಲಾಕೆಲ್ಲಿ?"

"ಸರಿ ಇರ್ಲಿಲ್ಲ, ಅಪಾ."

"ಸರಿ ಇರ್ಲಿಲ್ವಾ? ಹಾಗಾದ್ರೆ ಕುದುರೆ ವಾಪಸ್ಸು ಕೇಳ್ಬೇಕಿತ್ತು!"

"ಕೈ ಕೊಟ್ಟಾಗಿತ್ತು."

"ಯಾರಿಗೆ ಕೊಟ್ರಿ? ಸಾಕೋರಿಗಾ?"

ಕನಿಶಾಯ್ ಬಗ್ಗಿ ಬೂಟಿನ ಹಿಮ ಕೊಡವತೊಡಗಿದಳು. ಬುರುಲ್ಕಾನ್‌ಗೆ ಅರ್ಥವಾಯಿತು. ಒಳಗೆ ಹೋಗಿ ಮೂವರಿಗೂ ಚಹಾ ಬಗ್ಗಿಸಿದಳು. ಬೈಯಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎರ್ಮೆಕ್ ಚಹಾ ಕುಡಿದು, ಎರಡೂ ಕೈಯಿಂದ ಮುಖ ಸವರಿಕೊಂಡು, ಎದ್ದು ತನ್ನ ಕೋಣೆಗೆ ಹೋದ. ಮಂಚ ಕಿರುಗುಟ್ಟಿತು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಜಪಾರ್ ಬೈಕೆ ಗೇಟಿನಲ್ಲಿದ್ದ, ಅದೇ ಜಿಡ್ಡಿನ ಕೋಟು, ಕೊರಳವರೆಗೆ ಗುಂಡಿ ಹಾಕಿಕೊಂಡು.

"ತಂದ್ರಾ? ಇವತ್ತು ಕೂರಿಸಿಬಿಡೋಣ."

ಕನಿಶಾಯ್ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. "ತರ್ಲಿಲ್ಲ, ಬೈಕೆ. ಅವನಿಗೆ ಮೊದಲೇ ಗೊತ್ತಿತ್ತು. ಗ್ರೀಸ್ ಮೆತ್ತಿದ್ದು ಅವನೇ."

ಜಪಾರ್ ಹಿಮದಲ್ಲಿ ನಿಂತೇ ಇದ್ದ. "ಎದ್ದಿದ್ದಾನಾ?"

"ಇಲ್ಲ."

"ಹೋಗಿ ನೋಡ್ಲಾ?"

"ನೋಡಿದೀನಿ. ಎಚ್ಚರ ಇದ್ದಾನೆ. ಮಾತಾಡಲ್ಲ."

ಮುದುಕ ಕೋಟಿನ ಮೇಲಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿದ. "ಹಾಗಾದ್ರೆ ನಂಗೆ ಕೆಲಸ ಇಲ್ಲ ಇಲ್ಲಿ. ನಾಳೆ ಬರೋದು ಬೇಡ್ವಾ?"

"ಬನ್ನಿ."

"ಬಂದು ಏನ್ಮಾಡ್ಲಿ ಮಗಳೇ?"

"ಏನೂ ಬೇಡ. ಅವನ ಕಿಟಕಿ ಹತ್ರ ಕೂತು ಮಾತಾಡಿ. ಜೋರಾಗಿ ಮಾತಾಡಿ."

ಜಪಾರ್ ಅವಳನ್ನು ನೋಡಿದ. ಆಮೇಲೆ ಹಿಮ ತುಳಿಯುತ್ತ ಹೋಗಿ ಎರ್ಮೆಕ್‌ನ ಕಿಟಕಿಯ ಕೆಳಗಿದ್ದ ದಿಮ್ಮಿಯ ಮೇಲೆ ಕೂತ. ಗಂಟಲು ಸರಿ ಮಾಡಿಕೊಂಡು, ಹಿಂದೆ ಕೊಲ್ಖೋಜಿನ ಲೆಕ್ಕಿಗನೊಬ್ಬ ಕುಡಿದು ಕುದುರೆ ಅಂತ ಹಸುವನ್ನು ಹತ್ತಿ ಹೆಂಡತಿಯ ತವರಿಗೆ ಹೋದ ಕತೆ ಹೇಳತೊಡಗಿದ. ಊರಿಗೇ ಕೇಳಿಸುವಷ್ಟು ಜೋರಾಗಿ ಹೇಳಿದ. ನಗು ಬರುವ ಜಾಗ ಬಂದಾಗ ನಿಲ್ಲಿಸಿದ. ಕಿಟಕಿಯ ಕಡೆ ಕಿವಿಯಿಟ್ಟು ಕಾದ. ಒಳಗಿಂದ ಏನೂ ಬರಲಿಲ್ಲ. ಅಂಗೈಯಿಂದ ಮೂಗು ಒರೆಸಿಕೊಂಡು, ಇನ್ನೊಂದು ಕತೆ ಶುರುಮಾಡಿದ.